ಗೋಡೆಯ ಮೇಲಿನ ಹಿಂಡು

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಿಂದ ಮುಧೋಳ ರಸ್ತೆ ಹಿಡಿದು ಹೊರಟರೆ, ಬೆಲ್ಲದ ಅಂಗಡಿಗಳ ಸಾಲು ಮುಗಿದ ಮೇಲೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಪೇಂಟರ್ ಮುದಕಪ್ಪನ ಶೆಡ್ಡು ಯಾವುದು ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರಿಗೆ ಈ ಕಡೆ ಡಬ್ಬಿ ಅನ್ನುವುದು ರೂಢಿ. ಆ ಡಬ್ಬಿಗಳಿಗೆ ಬಣ್ಣ ಹಚ್ಚುವುದು, ಮಾಲಕರ ಹೆಸರು ಬರೆಯುವುದು, ಹಿಂದಿನ ಫಳಿಯ, ಅಂದರೆ ಹಲಗೆಯ, ಮೇಲೆ ಚಿತ್ರ ಬಿಡಿಸುವುದು ಮುದಕಪ್ಪನ ಕೆಲಸ. ಕಾರ್ಖಾನೆ ಶುರುವಾಗುವ ಮುಂಚಿನ ಮೂರು ತಿಂಗಳು ಅವನಿಗೆ ಊಟಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಕಿರಾಣಿ ಅಂಗಡಿ ಬೋರ್ಡು, ಗುಡಿಯ ಬಾಗಿಲು, ಚುನಾವಣೆ ಬಂದರೆ ಗೋಡೆಬರಹ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕರ್ ಬಂದ ಮೇಲೆ ಅರ್ಧ ಕೆಲಸ ಹೋಯಿತು. ಆದರೆ ಎತ್ತು ಬರೆಸಬೇಕು ಅನ್ನುವವರು ಮಾತ್ರ ಅವನನ್ನು ಬಿಡಲಿಲ್ಲ.

ಎತ್ತು ಬರೆಯುವ ಮುಂಚೆ ಅವನು ಫೋಟೋ ಕೇಳುತ್ತಿರಲಿಲ್ಲ. ಮಾಲಕರ ಮನೆಗೇ ಹೋಗಿ, ಮೇವು ಹಾಕುವ ಗ್ವಾದಲಿ ಮುಂದೆ ಕುಕ್ಕರುಗಾಲಲ್ಲಿ ಕುಂತು, ತಾಸುಗಟ್ಟಲೆ ಸುಮ್ಮನೆ ನೋಡುತ್ತಿದ್ದ. ಎತ್ತು ಮೇವು ಹಿರಿದುಕೊಳ್ಳುವಾಗ ಕುತ್ತಿಗೆ ಯಾವ ಕಡೆ ವಾಲುತ್ತದೆ, ನೊಣ ಕೂತಾಗ ಯಾವ ಕಿವಿ ಮೊದಲು ಅಲುಗುತ್ತದೆ, ಎಲ್ಲ ನೋಡಿಕೊಂಡು ಬಂದು ಬರೆಯುತ್ತಿದ್ದ. ಮುಂದೆ ಆ ಡಬ್ಬಿ ರಸ್ತೆಯಲ್ಲಿ ಹೋದರೆ, ಇದು ಇಂಥವರ ಎತ್ತು ಅಂತ ಜನ ಗುರುತು ಹಿಡಿಯುತ್ತಿದ್ದರು.

ಈ ನೋಡುವ ಚಟ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ತುಬಚಿ ಕಡೆ, ಕೃಷ್ಣಾ ಹೊಳೆಯ ದಂಡೆಯ ಒಂದು ವಸ್ತಿ ಅವನ ಮೂಲ. ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ. ಅಪ್ಪ ಹಿಂಡಿನ ಹಿಂದೆ ಕಳಿಸಿದರೆ ಮುದಕಪ್ಪ ಒಂದು ಕುರಿಯನ್ನೇ ನೋಡುತ್ತ ಕೂಡುತ್ತಿದ್ದ, ಉಳಿದವು ಮಂದಿಯ ಜೋಳಕ್ಕೆ ಬೀಳುತ್ತಿದ್ದವು. ಬೈದು, ಬಡಿದು ಅಪ್ಪ ದಣಿದ. ಕೊನೆಗೆ ಅಣ್ಣ ಮುತ್ತಣ್ಣನೇ ಒಂದು ಟಗರು ಮಾರಿ, ತಮ್ಮನನ್ನು ಕರೆದುಕೊಂಡು ಹೋಗಿ ಮಹಾಲಿಂಗಪುರದ ಒಬ್ಬ ಬೋರ್ಡ್ ಪೇಂಟರ್ ಕೈಯಲ್ಲಿ ಬಿಟ್ಟುಬಂದಿದ್ದ. ಅಣ್ಣನಿಗೆ ಆಗ ಇಪ್ಪತ್ತು, ತಮ್ಮನಿಗೆ ಹದಿನಾಲ್ಕು. ಅಪ್ಪ ತೀರಿಕೊಂಡ ಮೇಲೆ ಹಿಂಡು ಮುತ್ತಣ್ಣನ ಪಾಲಿಗೆ ಉಳಿಯಿತು. ಅವನಿಗೂ ಹೆಂಡತಿ ಹೊಳೆವ್ವಳಿಗೂ ಮಕ್ಕಳಾಗಲಿಲ್ಲ. ಅರವತ್ತು ಕುರಿ, ಎರಡು ನಾಯಿ, ಬೀರೇಶ್ವರನ ಗುಡಿಯ ಪಕ್ಕ ಒಂದು ಮಣ್ಣಿನ ಮನೆ. ವರ್ಷಕ್ಕೆ ಎರಡು ಸಲ ಮುದಕಪ್ಪ ಹೆಂಡತಿ ಮಂಗಲಾಳನ್ನು ಕರೆದುಕೊಂಡು ಹೋಗಿ ಬರುತ್ತಿದ್ದ. ಹೋದಾಗ ಅಣ್ಣತಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಅಣ್ಣ ಹಿಂಡಿನ ಕಡೆ ಮುಖ ಮಾಡಿ ಕೂಡುತ್ತಿದ್ದ, ತಮ್ಮನೂ ಅತ್ತಲೇ ನೋಡುತ್ತಿದ್ದ.

೨೦೧೯ರ ಶ್ರಾವಣದಲ್ಲಿ ಹೊಳೆ ಬಂತು. ಇಲ್ಲಿ ಮಳೆ ಅಂಥ ದೊಡ್ಡದೇನಲ್ಲ, ಸಣ್ಣಗೆ ಜಿನುಗುತ್ತಿತ್ತು ಅಷ್ಟೆ. ನೀರು ಮೇಲಿನಿಂದ, ಮಹಾರಾಷ್ಟ್ರದಿಂದ ಬರುತ್ತಿತ್ತು. ಹೊಳೆದಂಡೆಯವರು ದಿನಾ ಒಂದು ಕಲ್ಲು ಗುರುತಿಟ್ಟುಕೊಂಡು ನೋಡುತ್ತಿದ್ದರು. ಆ ಕಲ್ಲು ಮುಳುಗಿದರೆ ಇನ್ನೊಂದು.

ನಾಗರಪಂಚಮಿಯ ದಿನ ಬೆಳಿಗ್ಗೆ ಮುದಕಪ್ಪ ಶೆಡ್ಡಿನಲ್ಲೇ ಇದ್ದ. ಪರಮಾನಂದ ಎಂಬ ಕಬ್ಬಿನ ಗುತ್ತಿಗೆದಾರನ ಹೊಸ ಡಬ್ಬಿ ಅಂದು ಸಂಜೆ ಪೂಜೆಗೆ ಹೋಗಬೇಕಿತ್ತು. ಹವಾ ತಂಪಾಗಿ ಬಣ್ಣ ಆರಿರಲಿಲ್ಲ. ಎರಡೂ ಪಕ್ಕದ ಫಳಿಗಳ ನೀಲಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಆ ಹೊತ್ತಿಗೆ ಅಣ್ಣನ ಫೋನು ಬಂತು. ನೀರು ಗುಡಿಯ ಕೆಳಗಿನ ಹೊಲಕ್ಕೆ ಬಂದಿದೆ, ಕುರಿ ಸಾಗಿಸಬೇಕು, ವಸ್ತಿಯ ಟ್ರ್ಯಾಕ್ಟರುಗಳೆಲ್ಲ ಅವರವರ ಸಾಮಾನು ಹೇರುತ್ತಿವೆ, ಯಾರೂ ಸಿಗುತ್ತಿಲ್ಲ. ನಿನ್ನ ಕೈಯಲ್ಲಿ ಡಬ್ಬಿಗಳಿರುತ್ತವಲ್ಲ, ಒಂದು ತಗೊಂಡು ಬಾ ಅಂತ ಮುತ್ತಣ್ಣ ಹೇಳಿದ. ಗಾಬರಿಯಿಂದ ಹೇಳಲಿಲ್ಲ. ಒಂದು ಚೀಲ ಹಿಂಡಿ ತಗೊಂಡು ಬಾ ಅಂದಷ್ಟೇ ಸಹಜವಾಗಿ ಹೇಳಿದ.

ಮುದಕಪ್ಪ ಡಬ್ಬಿಯ ಕಡೆ ನೋಡಿದ. ಅರವತ್ತು ಕುರಿ ತುಂಬಿದರೆ ಫಳಿಗಳು ಏನಾಗುತ್ತವೆ ಅಂತ ಅವನಿಗೆ ಗೊತ್ತಿತ್ತು. ಪರಮಾನಂದ ಸಿಟ್ಟಿನ ಮನುಷ್ಯ.

"ಯಣ್ಣಾ, ಬಣ್ಣ ಇನ್ನೂ ಹಸೀ ಐತಿ," ಅಂದ. "ನಾಳಿ ಮುಂಜಾನಿ ಬೇರೆ ಡಬ್ಬಿ ನೋಡಿಕೊಂಡು ಎದ್ದಕೂಡ್ಲೆ ಬರ್ತೀನಿ."

"ಆತು ತಗೋ," ಅಂದ ಮುತ್ತಣ್ಣ. ಫೋನು ಕಟ್ಟಾಯಿತು.

ಮರುದಿನ ಮುದಕಪ್ಪ ಮಾತಿಗೆ ತಪ್ಪಲಿಲ್ಲ. ಬೆಳಕು ಹರಿಯುವ ಮುಂಚೆಯೇ ಗೊತ್ತಿದ್ದವರ ಒಂದು ಟ್ರ್ಯಾಕ್ಟರು, ಹಳೆ ಡಬ್ಬಿ ಹೊಂದಿಸಿಕೊಂಡು ಹೊರಟ. ಜಮಖಂಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೊಲೀಸರು ರಸ್ತೆಗೆ ಅಡ್ಡ ನಿಂತಿದ್ದರು. ಅವರ ಬೆನ್ನ ಹಿಂದೆ ರಸ್ತೆ ಸೀದಾ ನೀರಿನೊಳಗೆ ಇಳಿದುಹೋಗಿತ್ತು. ಕಬ್ಬಿನ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು. ಅಣ್ಣನ ಫೋನು ಹತ್ತಲಿಲ್ಲ. ಆ ದಿನ, ಅದರ ಮರುದಿನ, ಅವನು ಟ್ರ್ಯಾಕ್ಟರಿನ ಹತ್ತಿರವೇ ನಿಂತ. ಮೂರನೆಯ ದಿನ ರಬ್ಬರ್ ಬೋಟಿನವರು ಬೀರೇಶ್ವರನ ಗುಡಿಯ ಮಾಳಿಗೆಯ ಮೇಲಿಂದ ನಾಲ್ಕು ಜನರನ್ನು ಇಳಿಸಿಕೊಂಡು ಬಂದರು. ಅದರಲ್ಲಿ ಹೊಳೆವ್ವ ಇದ್ದಳು, ಮುತ್ತಣ್ಣ ಇರಲಿಲ್ಲ. ಗುಡಿಯ ಕಟ್ಟೆಗೆ ನೀರು ಬರುವುದಿಲ್ಲ ಅಂತ ಅವನು ಕುರಿಗಳನ್ನೆಲ್ಲ ಕಟ್ಟೆಗೆ ಹತ್ತಿಸಿ, ಸುತ್ತ ಬಲೆ ಕಟ್ಟಿದ್ದನಂತೆ. ಕತ್ತಲಲ್ಲಿ ನೀರು ಕಟ್ಟೆಯನ್ನೂ ಏರಿತು. ಬಲೆ ಬಿಚ್ಚಲು ಇಳಿದವನು ಮತ್ತೆ ಮೇಲೆ ಹತ್ತಲಿಲ್ಲ.

ಹೆಣ ಸಿಕ್ಕಿದ್ದು ಆರು ದಿನ ಬಿಟ್ಟು. ಕೆಳಗಿನ ಊರೊಂದರ ಕಬ್ಬಿನ ಹೊಲದ ತಂತಿಬೇಲಿಗೆ ಸಿಕ್ಕಿಕೊಂಡಿತ್ತು. ಗುರುತು ಹಿಡಿಯಲು ಮುದಕಪ್ಪನನ್ನು ಕರೆದರು. ಅವನು ಕೈಯಲ್ಲಿನ ಬೆಳ್ಳಿ ಕಡಗ ನೋಡಿದ, ಆಮೇಲೆ ಮುಖ ನೋಡಿದ. ಹೌದು ಅಂತ ತಲೆಯಾಡಿಸಿ ಹಿಂದೆ ಸರಿದ.

ಮಣ್ಣು ಮಾಡುವ ದಿನ ಪರಮಾನಂದನೂ ಬಂದಿದ್ದ. ಯಾರೋ ಅವನಿಗೆ ಎಲ್ಲ ಹೇಳಿರಬೇಕು. ಅವನು ಮುದಕಪ್ಪನ ಹೆಗಲ ಮೇಲೆ ಕೈಯಿಟ್ಟು, ಒಂದು ಮಾತು ಹೇಳಿದ್ದರೆ ನಾನೇ ಟ್ರ್ಯಾಕ್ಟರ್ ತರುತ್ತಿದ್ದೆನಲ್ಲೋ, ಬಣ್ಣ ಹೋದರೆ ಹೋಗಲಿ, ಮತ್ತೆ ಹಚ್ಚಬಹುದಿತ್ತು ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ.

ಹೊಳೆವ್ವಳನ್ನು ತನ್ನ ಮನೆಗೆ ಕರೆದೊಯ್ಯಬೇಕು ಅಂತ ಅವನೂ ಮಂಗಲಾಳೂ ಬೇಡಿಕೊಂಡರು. ಅವಳು ಒಪ್ಪಲಿಲ್ಲ. ವಸ್ತಿಯವರೆಲ್ಲ ಜಮಖಂಡಿಯ ಅಂಚಿನ ಒಂದು ಹೈಸ್ಕೂಲಿನಲ್ಲಿದ್ದರು, ಅವರ ಜೊತೆಯಲ್ಲೇ ಇರುತ್ತೇನೆ ಅಂದಳು. ಸರಕಾರಿ ಕಾಗದದಲ್ಲಿ ಅದು ಪರಿಹಾರ ಕೇಂದ್ರ. ಜನ ಗಂಜಿ ಕೇಂದ್ರ ಅನ್ನುತ್ತಿದ್ದರು. ಒಂದೊಂದು ಕ್ಲಾಸ್ ರೂಮಿನಲ್ಲಿ ಏಳೆಂಟು ಮನೆಯವರು. ಹೊದಿಕೆ ಒದ್ದೆ, ಗೋಡೆ ಒದ್ದೆ, ಕೂಸುಗಳಿಗೆ ಕೆಮ್ಮು. ಹೊಳೆವ್ವ ಎಂಟನೇ ಇಯತ್ತೆಯ ರೂಮಿನಲ್ಲಿ ಕರಿಹಲಗೆಯ ಕೆಳಗೆ ಗೋಡೆಗೆ ಮುಖ ಮಾಡಿ ಕುಂತಿರುತ್ತಿದ್ದಳು. ಯಾರ ಜೊತೆಯೂ ಮಾತಿಲ್ಲ. ಮುದಕಪ್ಪ ಶೆಡ್ಡಿಗೆ ಬೀಗ ಹಾಕಿ, ದಿನಾ ಮಂಗಲಾ ಕೊಟ್ಟ ರೊಟ್ಟಿ ಗಂಟು ಹಿಡಿದು ಬಸ್ಸಿನಲ್ಲಿ ಬರುತ್ತಿದ್ದ. ಅವಳ ಮುಂದೆ ಗಂಟು ಇಟ್ಟು, ಸ್ವಲ್ಪ ದೂರದಲ್ಲಿ ಕೂಡುತ್ತಿದ್ದ. ಬಣ್ಣದ ಮಾತನ್ನು ಹೇಳಬೇಕು ಅಂತ ದಿನಾ ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬರುತ್ತಿದ್ದ. ಹೇಳದೆಯೇ ಸಂಜೆಯ ಬಸ್ಸು ಹಿಡಿಯುತ್ತಿದ್ದ.

ಒಂದು ಮಧ್ಯಾಹ್ನ ಹೊಳೆವ್ವ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಮಾತಾಡಿದಳು.

"ಬಾಸಿಂಗಿ ಈಯೂದಿತ್ತು," ಅಂದಳು. "ಇನ್ನ ನಾಕ ದಿನ ಇತ್ತಷ್ಟ."

ಬಾಸಿಂಗಿ ಅಂದರೆ ಹಿಂಡಿನಲ್ಲಿದ್ದ ಒಂದು ಗಬ್ಬದ ಕರಿ ಕುರಿ. ಹಣೆಯ ಮೇಲೆ ಅಡ್ಡಕ್ಕೆ ಬಿಳಿ ಪಟ್ಟಿ, ಮದುವೆಯ ಬಾಸಿಂಗದಂತೆ, ಅದಕ್ಕೇ ಆ ಹೆಸರು. ಮುದಕಪ್ಪ ಅದನ್ನು ಎಷ್ಟೋ ಸಲ ನೋಡಿದ್ದ. ಎದ್ದು, ಹಲಗೆಯ ಕೆಳಗಿದ್ದ ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಮೇಲೆ ಕುರಿಯ ಬೆನ್ನಿನ ಗೆರೆ ಎಳೆದ. ಆಮೇಲೆ ಹೊಟ್ಟೆ, ಕೆಚ್ಚಲು, ಬಾಗಿದ ಕುತ್ತಿಗೆ. ಹೊಳೆವ್ವ ತಲೆಯೆತ್ತಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಎಡಗಿವಿ ಮೋಟ," ಅಂದಳು. "ನಾಯಿ ಕಡಿದಿತ್ತು."

ಅವನು ಅಂಗೈಯಿಂದ ಕಿವಿ ಒರೆಸಿ ಮೋಟು ಮಾಡಿದ. ಹೊಳೆವ್ವ ಎದ್ದು ಹಲಗೆಯ ಮುಂದೆ ನಿಂತಳು. ಅಳಲಿಲ್ಲ. ಅಂದು ರೊಟ್ಟಿ ತಿಂದಳು.

ರೂಮಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಮೂಲೆಯಲ್ಲಿದ್ದ ಒಬ್ಬ ಮುದುಕ ಬಂದು, ತನ್ನ ಎತ್ತಿಗೆ ಬಲಗೋಡು ಮುಂದಕ್ಕೆ ಬಾಗಿತ್ತು ಅಂದ. ಇನ್ನೊಬ್ಬಳು ತನ್ನ ಎಮ್ಮೆಯ ಬಾಲದ ತುದಿ ಬೆಳ್ಳಗಿತ್ತು ಅಂದಳು. ಸಂಜೆಯ ಹೊತ್ತಿಗೆ ಹಲಗೆ ತುಂಬಿತು. ಮರುದಿನ ಬೇರೆ ರೂಮಿನವರು ಬಾಗಿಲಲ್ಲಿ ಸಾಲು ನಿಂತಿದ್ದರು. ಹಲಗೆಯ ಮೇಲೆ ಬರೆದದ್ದನ್ನು ಅಳಿಸಿ ಮತ್ತೊಬ್ಬರದು ಬರೆಯಲು ಮುದಕಪ್ಪನಿಗೆ ಮನಸ್ಸಾಗಲಿಲ್ಲ. ಶಾಲೆಯ ಹಿಂದೆ ಉದ್ದನೆಯ ಕಂಪೌಂಡ್ ಗೋಡೆಯಿತ್ತು. ಶೆಡ್ಡಿನಿಂದ ಉಳಿದ ಬಣ್ಣದ ಡಬ್ಬಗಳನ್ನು ತಂದ. ಕರಿ, ಬಿಳಿ, ಕಬ್ಬಿಣಕ್ಕೆ ಮೊದಲು ಬಳಿಯುವ ಕೆಂಪು. ನೀಲಿ ಡಬ್ಬ ಮುಟ್ಟಲಿಲ್ಲ.

ಹಲಗೆಯ ಮೇಲಿದ್ದ ಬಾಸಿಂಗಿಯಿಂದ ಹಿಡಿದು ಎಲ್ಲವನ್ನೂ ಗೋಡೆಗೆ ಇಳಿಸುತ್ತ ಒಂಬತ್ತು ದಿನ ಬರೆದ. ಜನ ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ಕೂತು ಹೇಳುತ್ತಿದ್ದರು, ಅವನು ಕೇಳುತ್ತ ಬರೆಯುತ್ತಿದ್ದ. ಎತ್ತರ ಎಷ್ಟು, ಬಣ್ಣ ಕರಿಯೋ ಮಾಸಿದ ಕರಿಯೋ, ಹಗ್ಗ ಕಟ್ಟಿ ಕಟ್ಟಿ ಕೋಡಿನ ಬುಡ ಸವೆದಿತ್ತೋ. ಕೆಲವರಿಗೆ ಹೇಳಲು ಬರುತ್ತಿರಲಿಲ್ಲ. ಅವರು ಕೈಯಿಂದ ಗಾಳಿಯಲ್ಲಿ ತೋರಿಸುತ್ತಿದ್ದರು, ಬೆನ್ನು ಸವರಿದಂತೆ, ಹಾಲು ಹಿಂಡಿದಂತೆ. ಬರೆದು ಮುಗಿದ ಮೇಲೆ ಅವನು ಕೆಳಗೆ ಅವರ ಹೆಸರು ಬರೆಯುತ್ತಿದ್ದ. ಡಬ್ಬಿಯ ಮೇಲೆ ಮಾಲಕರ ಹೆಸರು ಬರೆದು ಬರೆದು ಬಂದ ರೂಢಿ ಅದು. ಗೋಡೆಯ ತುಂಬ ದನ, ಎಮ್ಮೆ, ಕುರಿ, ಆಡು, ಎರಡು ನಾಯಿ. ಮಂದಿ ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಗೋಡೆಯ ಹತ್ತಿರ ಹೋಗಿ ತಮ್ಮ ತಮ್ಮ ದನದ ಮುಂದೆ ನಿಂತು ಬರುತ್ತಿದ್ದರು. ಒಬ್ಬ ಹೆಣ್ಣುಮಗಳು ಒಂದು ದಿನ ಗೋಡೆಯ ಬುಡದಲ್ಲಿ ಒಂದು ಹಿಡಿ ಮೇವು ಇಟ್ಟಿದ್ದಳು. ಅದನ್ನು ನೋಡಿ ಮುದಕಪ್ಪ ಅಂದು ಬ್ರಶ್ಶು ಮುಟ್ಟಲಾರದೆ ಮನೆಗೆ ಹೋದ.

ಆಗಲೇ ನಷ್ಟದ ಪಟ್ಟಿ ಮಾಡುವವರು ಬಂದರು. ಸತ್ತ ದನಕ್ಕೆ ಪರಿಹಾರ ಬರಬೇಕಾದರೆ ದನದ ಹೆಣ ತೋರಿಸಬೇಕು, ಇಲ್ಲವೇ ಫೋಟೋ ಬೇಕು, ಇಲ್ಲವೇ ದವಾಖಾನೆಯ ದಾಖಲೆ ಬೇಕು. ಹೆಣಗಳು ಹೊಳೆಯಲ್ಲಿ ಹೋಗಿದ್ದವು. ಫೋಟೋ ತೆಗೆದವರು ಯಾರು? ಮುದುಕರು ಅಧಿಕಾರಿಗಳನ್ನು ಕೈಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಚಿತ್ರ ಸಾಕ್ಷಿ ಆಗುವುದಿಲ್ಲ ಅಂತ ಅವರು ಹೇಳಬೇಕಾಯಿತು. ಅವರ ಜೊತೆ ವೈಶಾಲಿ ಅನ್ನುವ ದನದ ಡಾಕ್ಟರಿದ್ದರು, ಮೂವತ್ತರ ಒಳಗಿನ ಹೆಣ್ಣುಮಗಳು. ಅವರು ಮಾತ್ರ ಗೋಡೆಯ ಉದ್ದಕ್ಕೂ ನಡೆದು ಒಂದೊಂದನ್ನೂ ನೋಡಿದರು. ಬಾಲದ ತುದಿ ಬೆಳ್ಳಗಿದ್ದ ಎಮ್ಮೆಯ ಮುಂದೆ ನಿಂತರು. ಆ ಎಮ್ಮೆಗೆ ಹೋದ ವರ್ಷ ತಾವೇ ಕೈ ಹಾಕಿ ಕರು ತೆಗೆದದ್ದು ಅಂದರು. ಹಳೆಯ ರಿಜಿಸ್ಟರ್ ತರಿಸಿ, ಗೋಡೆ ನೋಡಿ, ರಿಜಿಸ್ಟರ್ ನೋಡಿ, ಹನ್ನೊಂದು ದನಗಳನ್ನು ಗುರುತು ಹಿಡಿದು ಪಟ್ಟಿಗೆ ಸೇರಿಸಿದರು.

ಇದು ಹೊರಗೆ ಹೋಗುವಾಗ ಬೇರೆ ರೂಪ ತಾಳಿತು. ಗೋಡೆಯ ಮೇಲೆ ಬಂದರೆ ಪಟ್ಟಿಯಲ್ಲಿ ಬಂದಂತೆ ಅಂತ ಸುದ್ದಿಯಾಯಿತು. ಬೇರೆ ಊರುಗಳಿಂದ ಜನ ಬಂದರು. ಹೊಳೆಯ ನೀರು ಮುಟ್ಟದ ಊರಿನವರೂ ಬಂದರು. ಅದೇ ಕೇಂದ್ರದಲ್ಲಿದ್ದ ಗುರಪ್ಪ ಅನ್ನುವವನಿಗೆ ಒಂದೇ ಎಮ್ಮೆ ಇತ್ತು. ಅವನು ಮೂರು ಬರಿ ಅಂದ. ಮುದಕಪ್ಪ ಒಂದನ್ನೇ ಬರೆದ. ಹಂಗಾದರೆ ನಿಮ್ಮ ಜಾತಿಯವರಿಗಷ್ಟೇ ಈ ಗೋಡೆ ಏನು ಅಂತ ಗುರಪ್ಪ ಜನರ ಮುಂದೆ ಕೇಳಿದ. ಮುದಕಪ್ಪ ಬ್ರಶ್ಶು ತೊಳೆಯುತ್ತ ಕುಂತ.

ಮರುದಿನ ಗುರಪ್ಪ ಅಧಿಕಾರಿಗಳನ್ನು ಕರೆತಂದು ಕಸ್ತೂರೆವ್ವ ಅಂತ ಹೆಸರು ಬರೆದಿದ್ದ ಎಮ್ಮೆ ತೋರಿಸಿದ. ಕಸ್ತೂರೆವ್ವ ವಿಧವೆ, ಕೂಲಿ ಮಾಡುವವಳು. ಅವಳಿಗೆ ಎಮ್ಮೆಯೇ ಇರಲಿಲ್ಲ, ಅದು ಒಬ್ಬ ಗೌಡರದು, ಇವಳು ಹಾಲು ಹಿಂಡಿ ಕೊಡುತ್ತಿದ್ದಳು ಅಷ್ಟೆ ಅಂದ. ನಿಜವೂ ಅದೇ ಆಗಿತ್ತು. ಅಧಿಕಾರಿ ಕಸ್ತೂರೆವ್ವಳನ್ನು ಕರೆಸಿ ಕೇಳಿದರು.

"ನಂದು ಅಂತ ನಾ ಯಾವಾಗ ಅಂದೀನ್ರಿ?" ಅಂದಳು ಅವಳು. "ಯಾವ್ದು ಸತ್ತೈತಿ ಹೇಳು ಅಂದ್ರು, ಹೇಳೀನಿ. ಎಂಟು ವರ್ಷ ಹಾಲು ಹಿಂಡೀನ್ರಿ ನಾನು."

ಅವಳು ಸುಳ್ಳು ಹೇಳಿರಲಿಲ್ಲ. ಹೆಸರು ಬರೆದವನು ಮುದಕಪ್ಪ. ಯಾರ ದನ ಅಂತ ಅವನು ಕೇಳಿರಲೇ ಇಲ್ಲ. ಹೇಗಿತ್ತು ಅಂತಷ್ಟೇ ಕೇಳಿದ್ದ. ಇದನ್ನು ಬಿಡಿಸಿ ಹೇಳಲು ಹೋದರೆ ಕೇಳುವವರು ಯಾರೂ ಇರಲಿಲ್ಲ. ಒಂದು ಸುಳ್ಳು ಹೊರಬಿದ್ದ ಮೇಲೆ ಗೋಡೆಯ ಮೇಲಿನದೆಲ್ಲ ಸುಳ್ಳಾಯಿತು. ಡಾಕ್ಟರ್ ಸೇರಿಸಿದ ಹನ್ನೊಂದರಲ್ಲೂ ನಾಲ್ಕನ್ನು ಮರುಪರಿಶೀಲನೆಗೆ ಅಂತ ತೆಗೆದರು. ಅವು ಮತ್ತೆ ಪಟ್ಟಿಗೆ ಬರಲಿಲ್ಲ. ಬಾಲದ ತುದಿ ಬೆಳ್ಳಗಿದ್ದ ಎಮ್ಮೆಯೂ ಅದರಲ್ಲಿತ್ತು. ಗೋಡೆಗೆ ಮೇವು ಇಟ್ಟವಳು ಆ ಎಮ್ಮೆಯವಳೇ. ಅವಳು ಗುರಪ್ಪನಿಗೆ ಏನೂ ಅನ್ನಲಿಲ್ಲ, ಮುದಕಪ್ಪನ ಹತ್ತಿರ ಬಂದು ನೀನು ಬರೆಯದೇ ಇದ್ದಿದ್ದರೆ ಡಾಕ್ಟರ್ ಬಾಯಿ ರಿಜಿಸ್ಟರ್ ನೋಡಿಯೇ ಕೊಡುತ್ತಿದ್ದರು ಅಂದು ಹೋದಳು.

ಅದೇ ವಾರ ಮುತ್ತಣ್ಣನ ತಿಂಗಳ ಪೂಜೆ ಬಂತು. ಮನೆಯಲ್ಲಿದ್ದ ಒಂದೇ ಫೋಟೋ ನೀರುಪಾಲಾಗಿತ್ತು. ಆಧಾರ್ ಕಾರ್ಡಿನ ಜೆರಾಕ್ಸ್ ಒಂದು ಸಿಕ್ಕಿತು, ಅದರಲ್ಲಿ ಮುಖದ ಜಾಗದಲ್ಲಿ ಕರಿ ಮಚ್ಚೆ ಬಿಟ್ಟರೆ ಏನೂ ಇರಲಿಲ್ಲ. ನೀವೇ ಬರೆಯಿರಿ, ನಿಮಗಿಂತ ಚೆನ್ನಾಗಿ ಯಾರು ಬರೆದಾರು ಅಂತ ಮಂಗಲಾ ಅಂದಳು. ಮುದಕಪ್ಪ ಒಂದು ಪ್ಲೈವುಡ್ ತುಂಡಿಗೆ ಬಿಳಿ ಬಳಿದು ಶೆಡ್ಡಿನಲ್ಲಿ ಕುಂತ. ರುಮಾಲು ಬರೆದ, ಹೆಗಲ ಮೇಲಿನ ಕಂಬಳಿ ಬರೆದ. ಮುಖಕ್ಕೆ ಬಂದಾಗ ಕೈ ನಿಂತಿತು. ಕಣ್ಣು ಮುಚ್ಚಿದರೆ ತಂತಿಬೇಲಿಯ ಹತ್ತಿರ ನೋಡಿದ ಮುಖವೇ ಬರುತ್ತಿತ್ತು, ಅದಕ್ಕೂ ಹಿಂದಿನದು ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ಮಂದಿಯ ಎತ್ತು ನೋಡಿದವನು ಅಣ್ಣನ ಮುಖ ಎಂದೂ ಹಾಗೆ ಕುಂತು ನೋಡಿರಲಿಲ್ಲ. ಮೀಸೆ ಯಾವ ಕಡೆ ತಿರುಗಿತ್ತು? ಹುಬ್ಬಿನ ಮೇಲೆ ಗಾಯದ ಕಲೆ ಎಡಕ್ಕೋ ಬಲಕ್ಕೋ? ಮೂರು ಸಲ ಬರೆದು ಮೂರು ಸಲ ಒರೆಸಿದ. ನಾಲ್ಕನೆಯದನ್ನು ಬಟ್ಟೆಯಲ್ಲಿ ಸುತ್ತಿ ಹೊಳೆವ್ವಳ ಹತ್ತಿರ ತಂದ.

ಅವಳು ಬಟ್ಟೆ ಸರಿಸಿ ನೋಡಿದಳು. "ಯಾರಿದು?" ಅಂದಳು. ಕೇಳಿದ್ದು ನಿಜವಾಗಿ ತಿಳಿಯದೆ. ಆಮೇಲೆ ಅವಳಿಗೆ ಅರ್ಥವಾಯಿತು. ಬಟ್ಟೆ ಮತ್ತೆ ಹೊದಿಸಿ ಅವನ ಕೈಗೇ ಕೊಟ್ಟಳು. ಪೂಜೆ ಫೋಟೋ ಇಲ್ಲದೆ, ಒಂದು ಕಂಬಳಿ ಮಡಿಸಿಟ್ಟು ಆಯಿತು.

ಸೆಪ್ಟೆಂಬರ್ ನಡುವಿಗೆ ಶಾಲೆ ಶುರುವಾಗಬೇಕಿತ್ತು. ಜನರನ್ನು ತಗಡಿನ ಶೆಡ್ಡುಗಳಿಗೆ ಕಳಿಸುವ ಏರ್ಪಾಡಾಯಿತು. ಗೋಡೆಗೆ ಸುಣ್ಣ ಹೊಡೆಸಬೇಕು ಅಂತ ಮೇಲಿನಿಂದ ಹೇಳಿಕೆ ಬಂತು. ಇಬ್ಬರು ಕೂಲಿಯವರು ಬಕೆಟ್ಟು ಹಿಡಿದು ಬಂದಾಗ ಮುದಕಪ್ಪ ಅವರನ್ನು ತಡೆದ. ಆಯಿಲ್ ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಮೊದಲು ಕೆರೆಯಬೇಕು, ಅದನ್ನು ನಾನೇ ಮಾಡುತ್ತೇನೆ ಅಂದ. ಹಳೆ ಡಬ್ಬಿಗಳ ಬಣ್ಣ ಕೆರೆಯುವ ತಗಡಿನ ಪಟ್ಟಿ ತಂದಿದ್ದ. ಎರಡು ದಿನ ಕೆರೆದ. ಮೊದಲು ಹೆಸರು ಕೆರೆಯುವುದು, ಆಮೇಲೆ ಕಾಲು, ಹೊಟ್ಟೆ, ಬೆನ್ನು, ಕೊನೆಗೆ ತಲೆ. ಕೆಲವರು ಬಂದು ನಿಂತು ನೋಡಿದರು. ಹಲವರು ಗಂಟು ಕಟ್ಟುತ್ತ ಆ ಕಡೆ ಬರಲೇ ಇಲ್ಲ.

ಎರಡನೆಯ ದಿನ ಬಾಸಿಂಗಿಯ ಹತ್ತಿರ ಬಂದಾಗ ಹೊಳೆವ್ವ ಬಂದು ಹಿಂದೆ ನಿಂತದ್ದು ಅವನಿಗೆ ತಿಳಿಯಿತು. ಕೆರೆಯುವುದನ್ನು ನಿಲ್ಲಿಸಿದ. ತಿರುಗಲಿಲ್ಲ.

"ವೈನಿ," ಅಂತ ಅತ್ತಿಗೆಯನ್ನು ಕರೆದ. "ಪಂಚಮಿ ದಿನ ಅಣ್ಣ ಫೋನ್ ಮಾಡಿದ್ದ. ಡಬ್ಬಿ ತಾ ಅಂದಿದ್ದ."

"ಗೊತ್ತೈತಿ."

ಅವನು ತಿರುಗಿದ.

"ಫೋನು ಸ್ಪೀಕರ್ ಮ್ಯಾಗಿತ್ತು," ಅಂದಳು ಹೊಳೆವ್ವ. "ನಾನೂ ಕೇಳೀನಿ. ಬಣ್ಣ ಹಸೀ ಐತಿ ಅಂದಿ ನೀ. ನಿಮ್ಮಣ್ಣ ಫೋನ್ ಇಟ್ಟು ನಕ್ಕರು. ಅವನ ಬಣ್ಣ ಆರೂದರೊಳಗ ಹೊಳಿ ಆರತೈತಿ ಅಂದ್ರು."

ಮುದಕಪ್ಪ ಗೋಡೆಗೆ ಒರಗಿ ಕುಂತುಬಿಟ್ಟ. ತಗಡಿನ ಪಟ್ಟಿ ಕೈಯಲ್ಲೇ ಇತ್ತು. ಇಷ್ಟು ದಿನ ಅವಳು ಗೊತ್ತಿದ್ದೂ ತನ್ನ ರೊಟ್ಟಿ ತಿಂದಳು, ತನ್ನ ಕೈಯಿಂದ ಕುರಿ ಬರೆಸಿಕೊಂಡಳು ಅನ್ನುವುದು ಅವನಿಗೆ ಆಗ ತಿಳಿದದ್ದು. ಏನಾದರೂ ಬೈಯಲಿ ಅಂತ ಕಾದ. ಅವಳು ಬೈಯಲಿಲ್ಲ.

"ನಿನ್ನ ಮನಿಗೆ ನಾ ಬರಾಂಗಿಲ್ಲ ಮುದಕಪ್ಪ," ಅಂದಳು. "ಬೀಳಗಿಗೆ ಹೊಂಟೀನಿ, ತವರಿಗೆ. ನಮ್ಮ ತಮ್ಮ ಬರಾಕತ್ತಾನ. ಮಂಗಲಾಗ ಹೇಳು, ರೊಟ್ಟಿ ತರೂದು ಸಾಕಂತ."

ಅಷ್ಟು ಹೇಳಿ ಒಳಗೆ ಹೋದಳು. ಅವನು ಎದ್ದು ಉಳಿದದ್ದನ್ನು ಕೆರೆದ. ಸಂಜೆ ಸುಣ್ಣ ಹೊಡೆದರು.

ಆ ಹಂಗಾಮಿಗೆ ಶೆಡ್ಡು ತೆರೆದದ್ದು ತಡವಾಗಿ. ಬಂದ ಡಬ್ಬಿಗಳಿಗೆ ಬಣ್ಣ ಹಚ್ಚಿದ, ಹೆಸರು ಬರೆದ. ಎತ್ತು ಬರೆಸಲು ಬಂದವರಿಗೆ ಈಗ ಕಣ್ಣು ಕಾಣುವುದಿಲ್ಲ ಅಂತ ಹೇಳಿ ಸ್ಟಿಕರ್ ಅಂಗಡಿಗೆ ಕಳಿಸಿದ. ಕಣ್ಣಿಗೆ ಏನೂ ಆಗಿರಲಿಲ್ಲ. ವಾಸನೆಗೆ ತಲೆ ನೋಯುತ್ತದೆ ಅಂತ ಹೇಳಿ ನೀಲಿ ಹಚ್ಚುವುದನ್ನೂ ಬಿಟ್ಟ. ನೀಲಿ ಬೇಕು ಅನ್ನುವವರು ಬೇರೆ ಪೇಂಟರ್ ಹುಡುಕಿಕೊಂಡರು. ಮರುವರ್ಷ ಲಾಕ್‌ಡೌನ್ ಬಂದು ಶೆಡ್ಡು ಐದು ತಿಂಗಳು ಮುಚ್ಚಿತು. ಮಂಗಲಾ ಮನೆಯಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡು ಮನೆ ನಡೆಸಿದಳು. ಡಾಕ್ಟರ್ ವೈಶಾಲಿಯವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೋಗುವ ಮುಂಚೆ ಶೆಡ್ಡಿಗೆ ಬಂದು, ಆ ನಾಲ್ಕು ದನಗಳಿಗಾಗಿ ಎರಡು ಸಲ ಬರೆದೆ, ಆಗಲಿಲ್ಲ ಅಂತ ಹೇಳಿ ಹೋದರು.

ಹೊಳೆವ್ವಳಿಗೆ ಗಂಡನ ಪರಿಹಾರ ಬಂತು, ಕುರಿಗಳದ್ದು ಬರಲಿಲ್ಲ. ಬಂದದ್ದರಲ್ಲಿ ಅವಳು ಬೀಳಗಿಯ ಹೊರಗೆ, ತಮ್ಮನ ಮನೆಯ ಹಿತ್ತಲಲ್ಲಿ, ಐದು ಕುರಿ ಕಟ್ಟಿದ್ದಾಳೆ ಅಂತ ಸುದ್ದಿ ಬಂತು. ಮುದಕಪ್ಪ ಎರಡು ವರ್ಷ ಹೋಗಲಿಲ್ಲ. ಮೂರನೆಯ ವರ್ಷ ಯುಗಾದಿಗೆ ಮುಂಚೆ, ಒಂದು ಸೀರೆ ತೆಗೆದುಕೊಂಡು ಬಸ್ ಹತ್ತಿದ. ಹೊಳೆವ್ವ ಹಿತ್ತಲಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಅವನನ್ನು ನೋಡಿ ಕಂಬಳಿ ಹಾಸಿ, ನೀರು ಕೊಟ್ಟು, ಚಹಾ ಮಾಡಿದಳು. ಮಳೆ ಹೆಂಗೆ, ಮಂಗಲಾ ಹೆಂಗಿದ್ದಾಳೆ, ಕೇಳಿದಳು. ಕುರಿಗಳ ಬಗ್ಗೆ ಅವನು ಕೇಳಿದ. ಒಂದಕ್ಕೆ ಕಾಲುಬ್ಯಾನಿ ಇದೆ ಅಂದಳು. ಅವನು ಆ ಕುರಿಯ ಕಡೆ ನೋಡಿದ, ಕೂಡಲೆ ಕಣ್ಣು ತೆಗೆದ. ಆಮೇಲೆ ಇಬ್ಬರೂ ಚಹಾ ಮುಗಿಸಿದರು.

ಹೊರಡುವಾಗ ಅವನು ಸೀರೆ ತೆಗೆದು ಕಂಬಳಿಯ ಮೇಲೆ ಇಟ್ಟ. ಅವಳು ಬೇಡ ಅನ್ನಲಿಲ್ಲ, ಮುಟ್ಟಲೂ ಇಲ್ಲ. ಬಾಗಿಲ ತನಕ ಬಂದಳು.

"ಹೋಗಿ ಬರ್ತೀನಿ ವೈನಿ," ಅಂದ.

"ಮತ್ತ ಬರೂವಾಗ ಮಂಗಲಾನ್ನ ಕರಕೊಂಡು ಬಾ," ಅಂದಳು ಹೊಳೆವ್ವ. "ಒಬ್ಬನ ಬರಬ್ಯಾಡ."

ಅವನು ಆತು ಅಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.